ದಲಾಲಿ ಅಂಗಡಿಯಿಂದ ಮಗಳಿಗೊಂದು ಪತ್ರ

ರಾಯಚೂರು

ಪ್ರೀತಿಯ ಮಗಳಿಗೆ,

ನಿನ್ನ ಕರಿ ಟ್ರಂಕು ನಿನ್ನೆ ಲಾರಿ ಆಫೀಸಿಗೆ ಬಂತು. ಆಟೋದಲ್ಲಿ ಹಾಕಿಕೊಂಡು ಬಂದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಿನ್ನ ನಂಬರು, ಹೆಸರು. ಲೆಫ್ಟಿನೆಂಟ್ ಅಂತ ಇದ್ದದ್ದನ್ನು ಅಳಿಸಿ ಕ್ಯಾಪ್ಟನ್, ಅದನ್ನೂ ಅಳಿಸಿ ಮೇಜರ್ ಅಂತ ಬರೆಸಿದ್ದೀಯ. ಸವರಿದರೆ ಮೂರು ಪದರ ಬಣ್ಣ ಬೆರಳಿಗೆ ಗೊತ್ತಾಗುತ್ತದೆ. ನಿಮ್ಮವ್ವ ಅದರ ಮೇಲೆ ಕೈಯಿಟ್ಟು ತುಂಬ ಹೊತ್ತು ಸುಮ್ನೆ ಕೂತಿದ್ದಳು.

ಮಿಲಿಟ್ರಿ ಯಾಕೆ ಬಿಟ್ಟಳು ಅಂತ ಓಣಿಯವರು ಕೇಳುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳಿಗೂ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗೂ ಇರೋ ನೌಕರಿ, ಕೊಡಬೇಕು ಅಂದಾಗ ನೀನು ಫೋನಿನಲ್ಲೇ ಕುಣಿದಿದ್ದೆ. ಆದರೂ 10 ವರ್ಷ ಮುಗಿದ ಮೇಲೆ ನಿನ್ನಿಷ್ಟದಿಂದಲೇ ಹೊರಬಂದೆ. 20 ವರ್ಷ ಆಗದೆ ಪಿಂಚಣಿ ಇಲ್ಲ ಅಂತ ಗೊತ್ತಿದ್ದೂ ಬಂದೆ. ಆಗ ನನಗೆ ಬೇಸರವಾಗಿದ್ದು ನಿಜ. ಈಗಿಲ್ಲ. ಮುಂಬೈಯ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದೀಯ.

'ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದ್ರೆ ಏನವ್ವಾ, ಡಿಪಾಸಿಟ್ ಇಡೋದಾ?' ಅಂತ ಕೇಳಿದ್ದೆ. 'ಅಲ್ಲಪ್ಪ, ಕಂಪನಿ ಮಾರೋರಿಗೂ ಕೊಳ್ಳೋರಿಗೂ ನಡುವೆ ನಿಂತು ಬೆಲೆ ಕಟ್ಟೋದು. ಶೇರು ಬಿಡೋ ಕಂಪನಿಯ ಕಾಗದಪತ್ರ ಮಾಡಿ, ಶೇರು ಮಾರ್ಕೆಟ್ಟಿನ ಮೇಲೆ ಕಣ್ಣಿಡೋ ಸೆಬಿಗೆ ಕೊಡೋದು. ವ್ಯವಹಾರ ಕುದುರಿದರೆ ಫೀ' ಅಂದೆ. ಹಾಗಾದರೆ ಇದು ನಮ್ಮ ಕಸುಬೇ ಅಲ್ವಾ? ಮೂವತ್ತು ವರ್ಷ ಹತ್ತಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು ನಾನು. ಈಚೆ ರೈತ, ಆಚೆ ಹತ್ತಿಯ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ಲಿನವರು, ನಡುವೆ ನಾವು.

ಒಂದು ದಿನದ ಮಾತು. ರೈತನೊಬ್ಬ ತಂದ ಅಂಡಿಗೆ ಚೀಲದಲ್ಲಿ ಮೇಲಿನ ಹತ್ತಿ ಬೆಳ್ಳಗೆ, ಗರಿಗರಿಯಾಗಿತ್ತು. ನಮ್ಮ ಸಾಹುಕಾರರು ಮೊಳಕೈವರೆಗೆ ಕೈ ತೂರಿಸಿ ಒಳಗಿಂದ ಒಂದು ಹಿಡಿ ತೆಗೆದರು. ಎರಡೂ ಕೈಯ ಹೆಬ್ಬೆರಳಲ್ಲಿ ಹಿಡಿದು ಎಳೆ ಎಳೆದರು. ಹತ್ತಿ ತಣ್ಣಗಿತ್ತು. ತೂಕ ಬರಲಿ ಅಂತ ನೀರು ಹೊಡೆದಿದ್ದರು. ರೈತ ಹಳೆಯ ಗಿರಾಕಿ. ಸಾಹುಕಾರರು ಬೈಯಲಿಲ್ಲ. 'ಒಣಗಿಸಿಕೊಂಡು ಬಾ ತಮ್ಮ, ಆಮೇಲೆ ಹರಾಜಿಗೆ ಇಡೋಣ' ಅಂದರು, ಅಷ್ಟೇ. ಅವತ್ತಿನ ದಲಾಲಿ ಹೋಯಿತು. ಆ ರೈತ ಮಾತ್ರ ಮತ್ತೆ ಬಂದ. ಮುಂದೆ ಅವನ ಮಗನೂ ನಮ್ಮಲ್ಲಿಗೇ ಬಂದ. ನಮ್ಮ ಅಂಗಡಿ ಮಾಲು ಅಂದರೆ ಮಿಲ್ಲಿನವರು ಜಾಸ್ತಿ ಕೆದಕದೆ ಕೊಳ್ಳುತ್ತಿದ್ದರು. ಆ ನಂಬಿಕೆ ಬರೋಕೆ ಹತ್ತು ಹದಿನೈದು ವರ್ಷ ಹಿಡಿಯಿತು.

ನೀವು ಡ್ಯೂ ಡಿಲಿಜೆನ್ಸ್ ಅನ್ನೋದು ಅದೇ ಕೈ ತೂರಿಸೋ ಕೆಲಸ. ಕಂಪನಿಯ ಲೆಕ್ಕ ನೋಡಿದ್ದೇವೆ, ಸರಿಯಿದೆ ಅಂತ ನಿಮ್ಮ ಬ್ಯಾಂಕು ಸೆಬಿಗೆ ಸರ್ಟಿಫಿಕೇಟ್ ಕೊಡುವಾಗ ನೀನೂ ಮೊಳಕೈವರೆಗೆ ಕೈ ಹಾಕವ್ವ. ಮೇಲಿನವರು ಅವಸರ ಮಾಡಿದರೂ ಹಾಕು. ಎರಡು ವರ್ಷ ದುಡ್ಡು ಮಾಡಿಕೊಂಡು ಹೊರಡೋರಿಗೆ ಇದು ಬೇಕಾಗಲ್ಲ. ನೀನು ಇಪ್ಪತ್ತು ವರ್ಷ ಇರ್ತೀನಿ ಅಂತ ಹೊರಟವಳು.

ಅಲ್ಲಿ ನೀನು ಅಸೋಸಿಯೇಟ್. ಕೆಳಗೆ ಅನಲಿಸ್ಟ್, ಮೇಲೆ ವೈಸ್ ಪ್ರೆಸಿಡೆಂಟ್, ಅವರ ಮೇಲೆ ಡೈರೆಕ್ಟರ್, ಎಂಡಿ. ನಿನಗಿಂತ ಐದಾರು ವರ್ಷ ಚಿಕ್ಕವರು ನಡುರಾತ್ರಿ ಫೋನ್ ಮಾಡಿ 'ಈ ಪುಟದ ಅಂಕಿ ತಪ್ಪು, ಬೆಳಿಗ್ಗೆಯೊಳಗೆ ತಿದ್ದಿ' ಅಂತಾರೆ. ಸೆಲ್ಯೂಟ್ ಹೊಡೆಸಿಕೊಂಡ ಮನಸ್ಸಿಗೆ ಅದು ಚುಚ್ಚುತ್ತದೆ. ಚೆನ್ನೈ ಮಿಲಿಟ್ರಿ ಅಕಾಡೆಮಿಯಲ್ಲಿ 11 ತಿಂಗಳು ಮಣ್ಣಲ್ಲಿ ತೆವಳಿದ್ದು ನೆನೆಸಿಕೋ. ಕೆಳಗಿನಿಂದ ಶುರು ಮಾಡೋದು ನಿನಗೆ ಹೊಸದಲ್ಲ. ಲೆಕ್ಕಕ್ಕಂತೂ ಹೆದರಬೇಡ. ಹಿಮ ಬಿದ್ದು ಲಡಾಖಿಗೆ ಹೋಗೋ ಜೋಜಿಲಾ ದಾರಿ ಮುಚ್ಚೋ ಮುಂಚೆ, ಚಳಿಗಾಲಕ್ಕೆಲ್ಲ ಆಗುವಷ್ಟು ಹಿಟ್ಟು, ಬೇಳೆ, ಸೀಮೆಎಣ್ಣೆ ಲೆಕ್ಕ ಹಾಕಿ ಮೇಲಕ್ಕೆ ಸಾಗಿಸಿದವಳು ನೀನು.

ನಿದ್ದೆ ಕೆಡುತ್ತದೆ, ಊಟ ಮಾತ್ರ ಬಿಡಬೇಡ.

ಟ್ರಂಕನ್ನು ಅಟ್ಟದ ಮೇಲೆ ಇಡೋಣ ಅಂತಾಳೆ ನಿಮ್ಮವ್ವ. ನಾನು ಇನ್ನೂ ಹಾಲ್‌ನಲ್ಲೇ ಇಟ್ಟಿದ್ದೇನೆ. ಮುಂಬೈಗೆ ಬೇಕಿದ್ದರೆ ಹೇಳು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ನಾನೇ ತಗೊಂಡು ಬರ್ತೀನಿ.

ನಿನ್ನ
ಅಪ್ಪ