ಸಂದರ್ಶನಕ್ಕೆ ಮೊದಲೇ ಫೇಸ್‌ಬುಕ್ ಇಣುಕುವುದೇಕೆ?

ಮಾನ್ಯ ಸಂಪಾದಕರೇ,

ಮುಂಬಯಿಯ ಅಂಧೇರಿ, ನವಿ ಮುಂಬಯಿಯ ಐರೋಲಿಯ ಕಚೇರಿಗಳಿರಲಿ, ಪುಣೆಯ ಹಿಂಜವಡಿ ಇರಲಿ, ಬಯೋಡೇಟಾ ಕೈಗೆ ಬಂದ ಹತ್ತು ನಿಮಿಷದಲ್ಲಿ ಅಭ್ಯರ್ಥಿಯ ಹೆಸರನ್ನು ಯಾರಾದರೂ ಗೂಗಲ್ ಮಾಡಿರುತ್ತಾರೆ. ಕಂಪನಿಯ ನಿಯಮದಲ್ಲಿ ಹೀಗೆ ಮಾಡಬೇಕೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ನೋಡುವವರು ಸ್ವಂತ ಮೊಬೈಲಿನಲ್ಲಿ ನೋಡುತ್ತಾರೆ, ಹಾಗಾಗಿ ದಾಖಲೆಯೂ ಉಳಿಯುವುದಿಲ್ಲ. ನೇಮಕಾತಿಯ ಕೆಲಸದಲ್ಲೇ ಇರುವ ನಾವು ನೋಡಲೇಬಾರದು ಎಂದು ಹೇಳುತ್ತಿಲ್ಲ. ಯಾರು, ಯಾವಾಗ ನೋಡುತ್ತಾರೆ ಎಂಬಲ್ಲಿ ಕೆಲಸ ಕೆಡುತ್ತಿದೆ.

ಸಂದರ್ಶನಕ್ಕೆ ಮೊದಲು ಫೇಸ್‌ಬುಕ್ ತೆರೆದರೆ ಸಿಗುವುದು ಸೀಮಂತದ ಫೋಟೊ, ಜಾತಿ ಸಂಘದ ಪ್ರತಿಭಾ ಪುರಸ್ಕಾರದಲ್ಲಿ ಶಾಲು ಹೊದ್ದು ನಿಂತ ಚಿತ್ರ, ಅಪ್ಪನ ಡಯಾಲಿಸಿಸ್‌ಗೆ ನೆರವು ಕೋರಿದ ಪೋಸ್ಟ್, ಚುನಾವಣೆಯ ಹೊತ್ತಿನ ಜಗಳ. ಅಕೌಂಟೆಂಟ್ ಕೆಲಸಕ್ಕೆ ಇವುಗಳಲ್ಲಿ ಒಂದೂ ಬೇಕಿಲ್ಲ. ಎದುರು ಕೂತವರನ್ನು ಬಾಯಿಬಿಟ್ಟು ಕೇಳಲು ಮ್ಯಾನೇಜರು ಹಿಂಜರಿಯುವ ಸಂಗತಿಗಳೆಲ್ಲ ಅಲ್ಲಿ ಕೇಳದೆಯೇ ತಿಳಿದುಬಿಡುತ್ತವೆ. ನೇಮಕಾತಿಯಲ್ಲಿ ಮಹಿಳೆಯರಿಗೆ ಭೇದ ಮಾಡಬಾರದೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆದರೆ ಸೀಮಂತದ ಫೋಟೊ ನೋಡಿದವರು ಫೈಲಿನಲ್ಲಿ ‘ಪ್ರೊಫೈಲ್ ಫಿಟ್ ಆಗಲಿಲ್ಲ’ ಎಂದು ಬರೆದರೆ ಸಾಬೀತು ಮಾಡುವವರು ಯಾರು? ಕಂಪನಿಗೂ ಇದು ಕ್ಷೇಮವಲ್ಲ. ನಿಜವಾಗಿಯೂ ಬೇರೆ ಕಾರಣಕ್ಕೆ ಕೈಬಿಟ್ಟಿದ್ದರೂ, ಆ ಫೋಟೊದಿಂದ ಅಲ್ಲ ಎಂದು ತೋರಿಸಲು ಅದರ ಬಳಿ ಒಂದು ಕಾಗದವೂ ಇರುವುದಿಲ್ಲ.

ಆಳು ಅದಲುಬದಲಾಗುವುದು ಇನ್ನೊಂದು ತೊಂದರೆ. ನಮ್ಮ ಕನ್ನಡಿಗರ ಹೆಸರುಗಳಲ್ಲಿ ಇದರ ಅಪಾಯ ಹೆಚ್ಚು. ಶೆಟ್ಟಿ, ಪೂಜಾರಿ, ರೈ ಎಂದು ಹುಡುಕಿದರೆ ಮುಂಬಯಿಯಲ್ಲೇ ಒಂದೇ ಹೆಸರಿನ ಹಲವರು ಸಿಗುತ್ತಾರೆ. ಕುಲಕರ್ಣಿ, ಪಾಟೀಲ, ದೇಸಾಯಿ ಎಂದರೆ ಮರಾಠಿಗರೂ ಸೇರಿಕೊಳ್ಳುತ್ತಾರೆ. ಹಳೇ ಮೈಸೂರು ಕಡೆಯ ಅನೇಕರಿಗೆ ಅಡ್ಡಹೆಸರೇ ಇಲ್ಲ, ಬರೀ ಇನಿಷಿಯಲ್. ಇಲ್ಲಿನ ಅರ್ಜಿ ನಮೂನೆಯಲ್ಲಿ ಅಡ್ಡಹೆಸರು, ಹೆಸರು, ತಂದೆಯ ಹೆಸರು ಮೂರೂ ತುಂಬಬೇಕು. ಹೀಗಾಗಿ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು, ಲಿಂಕ್ಡ್‌ಇನ್‌ನಲ್ಲಿ ಮತ್ತೊಂದು. ಹೆಸರು ಕೂಡಿತು, ಮುಖವೂ ಹೋಲುತ್ತದೆ ಎಂದರೆ ಸಾಲದು. ಕಾಲೇಜು, ಹಿಂದಿನ ಕಂಪನಿ, ಇಮೇಲ್ ವಿಳಾಸ ಇವುಗಳಲ್ಲಿ ಎರಡಾದರೂ ತಾಳೆಯಾಗದೆ ಒಂದು ಖಾತೆಯನ್ನು ಅಭ್ಯರ್ಥಿಯದೆಂದು ಬರೆದುಕೊಳ್ಳಬಾರದು.

ಭಾಷೆಯದು ಬೇರೆಯೇ ಪಜೀತಿ. ಕನ್ನಡ ಬಾರದ ಎಚ್‌ಆರ್ ಪೋಸ್ಟಿನ ಕೆಳಗಿನ ಅನುವಾದದ ಗುಂಡಿ ಒತ್ತುತ್ತಾರೆ. ಸಿನಿಮಾ ನೋಡಿ ಬಂದ ಹುಡುಗ ‘ಬೆಂಕಿ ಹಚ್ಬಿಟ್ಟ ಗುರೂ’ ಎಂದು ಬರೆದ ಮೆಚ್ಚುಗೆ ಯಂತ್ರದ ಬಾಯಲ್ಲಿ ಯಾರೋ ಬೆಂಕಿಯಿಟ್ಟ ಸುದ್ದಿಯಾಗಬಹುದು. ತುಳುವಿನಲ್ಲಿ ಗೆಳೆಯನನ್ನು ಪ್ರೀತಿಯಿಂದ ಬೈದದ್ದರ ಗತಿ ದೇವರಿಗೇ ಗೊತ್ತು. ಪದ ಹುಡುಕಿ ಕೆಂಪು ಗುರುತು ಹಾಕುವ ತಂತ್ರಾಂಶಕ್ಕಂತೂ ವ್ಯಂಗ್ಯ, ಸಲಿಗೆ ಎರಡೂ ತಿಳಿಯುವುದು ಕಷ್ಟ.

ನೋಡಲೇಬೇಕಿದ್ದರೆ ಕ್ರಮ ಹೀಗಿರಲಿ. ಸಂದರ್ಶನ ಮುಗಿದು, ಷರತ್ತುಬದ್ಧ ಆಫರ್ ಲೆಟರ್ ಕೊಟ್ಟ ಮೇಲೆ, ವಿಳಾಸ ಮತ್ತು ಪದವಿಯ ಹಿನ್ನೆಲೆ ಪರಿಶೀಲನೆ (ಬಿಜಿವಿ) ನಡೆಯುವಾಗಲೇ ಇದೂ ನಡೆಯಲಿ. ಸಂದರ್ಶಕರ ತಂಡದಲ್ಲಿಲ್ಲದ ಒಬ್ಬರು ನೋಡಲಿ. ಏನನ್ನು ಹುಡುಕಬೇಕೆಂದು ಮೊದಲೇ ಬರೆದಿಟ್ಟಿರಲಿ: ಹಿಂಸೆಯ ಬೆದರಿಕೆ, ಹಿಂದಿನ ಕಂಪನಿಯ ಗುಟ್ಟು ಬಯಲು ಮಾಡಿದ್ದು, ಸುಳ್ಳು ಪದವಿ. ನಮ್ಮ ಅನುಭವದಲ್ಲಿ ಇಷ್ಟಕ್ಕಿಂತ ಹೆಚ್ಚು ಬೇಕಾಗುವ ಹುದ್ದೆಗಳು ಕಡಿಮೆ. ಸಿಕ್ಕಿದ್ದಕ್ಕೆ ತಾರೀಖು, ಲಿಂಕ್ ಸಹಿತ ಸ್ಕ್ರೀನ್‌ಶಾಟ್ ಇರಲಿ. ಮ್ಯಾನೇಜರಿಗೆ ಆ ಒಂದು ಅಂಶ ಮಾತ್ರ ಹೋಗಲಿ, ಇಡೀ ಪ್ರೊಫೈಲ್ ಅಲ್ಲ. ಅಭ್ಯರ್ಥಿಗೆ ಅದನ್ನು ತೋರಿಸಿ ಉತ್ತರಿಸಲು ಐದು ಕೆಲಸದ ದಿನ ಕೊಡಲಿ. ಸುಳ್ಳು ಖಾತೆ ತೆರೆದು ಫ್ರೆಂಡ್ ರಿಕ್ವೆಸ್ಟ್ ಕಳಿಸುವುದು ಪರಿಶೀಲನೆಯಲ್ಲ, ಮೋಸ. ಖಾತೆಯೇ ಇಲ್ಲದವರನ್ನು ಅನುಮಾನಿಸುವ ಹೊಸ ಚಾಳಿಗೂ ಅರ್ಥವಿಲ್ಲ. ಇನ್ನು ಲಿಂಕ್ಡ್‌ಇನ್‌ನ ತಾರೀಖುಗಳನ್ನು ಬಯೋಡೇಟಾದೊಂದಿಗೆ ತಾಳೆ ನೋಡುವುದು ನ್ಯಾಯವೇ. ಆದರೆ ಇಪಿಎಫ್‌ನ (ಭವಿಷ್ಯ ನಿಧಿ) ಸೇವಾ ವಿವರ, ಹಿಂದಿನ ಕಂಪನಿ ಕೊಟ್ಟ ರಿಲೀವಿಂಗ್ ಲೆಟರ್ ಇರುವಾಗ ಅವೇ ಹೆಚ್ಚು ಗಟ್ಟಿ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಲಮುಗಳು ಜಾರಿಗೆ ಬರಲು ಆಗ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಒಬ್ಬರು ತಾವೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದನ್ನು ಕಂಪನಿಗಳು ಬೇಗ ಕಲಿತಿವೆ. ‘ತಾವೇ’ ಎಂಬ ಮಾತನ್ನು ಮಾತ್ರ ಮರೆಯುತ್ತವೆ. ಗೆಳೆಯ ಹಾಕಿ ಟ್ಯಾಗ್ ಮಾಡಿದ ಚಿತ್ರಕ್ಕೂ ಅದೇ ವಿನಾಯಿತಿ ಎಂದು ನಂಬಿ ಕೂರುವುದು ಜಾಣತನವಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ಅಭ್ಯರ್ಥಿಯ ಪಾಸ್‌ವರ್ಡ್ ಕೇಳುವುದನ್ನು ನಿಷೇಧಿಸಿತು. ನಮ್ಮಲ್ಲಿ ಯಾರಾದರೂ ಕೇಳಿದರೆ, ಅಥವಾ ಫೋನ್ ತೆರೆದು ತೋರಿಸಿ ಎಂದರೆ, ‘ಆಗುವುದಿಲ್ಲ ಸರ್’ ಎನ್ನಿ.

ಕೆಲಸ ಹುಡುಕುವವರು ಅರ್ಧ ಗಂಟೆ ಕೊಡಬೇಕು. ಲಾಗ್ಔಟ್ ಆಗಿ, ಇನ್‌ಕಾಗ್ನಿಟೊ (ಬ್ರೌಸರಿನ ಖಾಸಗಿ) ಕಿಟಕಿಯಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನ ಎಲ್ಲ ಸ್ಪೆಲ್ಲಿಂಗ್‌ಗಳಲ್ಲೂ ಹುಡುಕಿ. ಬಳಿಕ ಮೊಬೈಲ್ ನಂಬರು, ಇಮೇಲ್ ಹಾಕಿ ನೋಡಿ. ಫೇಸ್‌ಬುಕ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಏಟಿಗೆ ಸ್ನೇಹಿತರಿಗಷ್ಟೇ ಸೀಮಿತಗೊಳಿಸುವ ಗುಂಡಿಯಿದೆ, ಟ್ಯಾಗ್‌ಗಳನ್ನು ಒಪ್ಪಿದ ಮೇಲಷ್ಟೇ ತೋರಿಸುವ ಆಯ್ಕೆಯೂ ಇದೆ. ಆದರೆ ಸಾರ್ವಜನಿಕ ಗುಂಪು, ಸುದ್ದಿ ಪುಟಗಳ ಕೆಳಗೆ ಬರೆದ ಕಾಮೆಂಟ್‌ಗಳಿಗೆ (ಪತ್ರಿಕೆಗಳ ಪುಟವೂ ಸೇರಿ, ಸಂಪಾದಕರು ಕ್ಷಮಿಸಬೇಕು) ಇದು ತಾಗುವುದಿಲ್ಲ. ಅವನ್ನು ಆಕ್ಟಿವಿಟಿ ಲಾಗ್‌ಗೆ ಹೋಗಿ ಅಳಿಸಬೇಕು. ಇನ್‌ಸ್ಟಾಗ್ರಾಮ್ ಪ್ರೈವೇಟ್ ಮಾಡಿದರೂ ಈಗಾಗಲೇ ಇರುವ ಫಾಲೋವರುಗಳು ಹೋಗುವುದಿಲ್ಲ, ಕೈಯಾರೆ ತೆಗೆಯಬೇಕು. ಸಂದರ್ಶನದ ಹಿಂದಿನ ರಾತ್ರಿ ಗಾಬರಿಯಿಂದ ಖಾತೆ ಅಳಿಸುವುದೂ ಪೂರ್ತಿ ಕೆಲಸಕ್ಕೆ ಬಾರದು. ಫೇಸ್‌ಬುಕ್ ಖಾತೆ ಶಾಶ್ವತವಾಗಿ ಅಳಿಯುವ ಪ್ರಕ್ರಿಯೆ ಶುರುವಾಗುವುದೇ 30 ದಿನದ ನಂತರ.

ಹೆಚ್ಚಿನವರು ಮರೆಯುವುದು ವಾಟ್ಸ್‌ಆ್ಯಪ್ ಅನ್ನು. ‘ಎಚ್‌ಆರ್ ಮೇಡಂ’ ಎಂದು ನಂಬರು ಸೇವ್ ಮಾಡಿಕೊಳ್ಳುತ್ತೀರಿ, ಅವರೂ ನಿಮ್ಮದನ್ನು ಸೇವ್ ಮಾಡಿಕೊಂಡಿರುತ್ತಾರೆ. ಅಲ್ಲಿಂದ ನಿಮ್ಮ ಸ್ಟೇಟಸ್ ಅವರ ಕಣ್ಣೆದುರು. ಹಳೇ ಬಾಸನ್ನು ಹಂಗಿಸಿದ ಸಾಲೂ ಕಾಣುತ್ತದೆ. ಸ್ಟೇಟಸ್ ಪ್ರೈವೆಸಿಯಲ್ಲಿ ಅವರ ನಂಬರನ್ನು ಹೊರಗಿಡಿ, ಡಿಪಿ ಎಲ್ಲರಿಗೂ ಕಾಣುವಂತಿದ್ದರೆ ಬದಲಿಸಿ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿದ್ದೇನೆಂಬ ಗುರುತನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಟ್ಟರೂ, ಈಗಿನ ಕಂಪನಿಗೆ ಅದು ತಿಳಿಯುವುದೇ ಇಲ್ಲ ಎಂಬ ಭರವಸೆಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ.

ನಮ್ಮ ಸಂಘ-ಸಂಸ್ಥೆಗಳಿಗೂ ಒಂದು ವಿನಂತಿ. ಪ್ರತಿಭಾ ಪುರಸ್ಕಾರದ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕುವಾಗ ಪೂರ್ಣ ಹೆಸರು, ತಂದೆಯ ಹೆಸರು, ಊರು, ಕಾಲೇಜು ಎಲ್ಲವನ್ನೂ ಚಿತ್ರದಡಿ ಬರೆದು ಟ್ಯಾಗ್ ಮಾಡುವ ಮೊದಲು ಆ ಮಕ್ಕಳನ್ನು ಒಮ್ಮೆ ಕೇಳಿ. ಬೇಡ ಎಂದವರದನ್ನು ಸಂಘದ ಮುಖವಾಣಿಯಲ್ಲಿ ಅಚ್ಚು ಹಾಕಿಸಿ, ಮನೆಗೆ ಒಂದು ಪ್ರತಿ ಕಳಿಸಿಕೊಡಿ.

— ನೇಮಕಾತಿ ಮತ್ತು ಹಿನ್ನೆಲೆ ಪರಿಶೀಲನೆಯ ಕೆಲಸದಲ್ಲಿರುವ ಕೆಲವು ಕನ್ನಡಿಗರು, ಅಂಧೇರಿ ಹಾಗೂ ಐರೋಲಿ