ಮಾದರಿ ವಿಮಾನಕ್ಕೆ ತಾಳ್ಮೆಗಿಂತ ಕಣ್ಣು ಮುಖ್ಯ

ಮಾನ್ಯ ಸಂಪಾದಕರೇ,

ನಿಮ್ಮ ಹವ್ಯಾಸದ ಪುಟದಲ್ಲಿ ಸ್ಕೇಲ್ ಮಾಡೆಲ್ ವಿಮಾನ, ಅಂದರೆ ನಿಜ ವಿಮಾನದ ಅಳತೆಯನ್ನೇ ಕುಗ್ಗಿಸಿದ ಪ್ಲಾಸ್ಟಿಕ್ ಮಾದರಿ ಕಟ್ಟುವವರ ಬಗ್ಗೆ ಬಂದ ಲೇಖನ ಓದಿದೆ. ಈ ವಿಷಯವನ್ನು ಯಾರೋ ಕನ್ನಡದಲ್ಲಿ ಬರೆದರಲ್ಲ ಅಂತ ಖುಷಿಯಾಯಿತು. ಆದರೆ ಎರಡು ಮಾತಿಗೆ ನನ್ನ ತಕರಾರು ಇದೆ. ಒಂದು, "ತಾಳ್ಮೆ ಇದ್ದರೆ ಸಾಕು" ಅನ್ನುವುದು. ಇನ್ನೊಂದು, ಹೊಸಬರು ದೊಡ್ಡ ಕಿಟ್ (ಬಿಡಿ ಭಾಗಗಳ ಡಬ್ಬ) ತೆಗೆದುಕೊಂಡು ಅದಕ್ಕೆ ಬೇರೆಯಾಗಿ ಸಿಗುವ ತೆಳು ಹಿತ್ತಾಳೆ ಭಾಗ, ರೆಸಿನ್ ಅನ್ನುವ ಗಟ್ಟಿ ರಾಳದ ಭಾಗ ಎಲ್ಲಾ ಸೇರಿಸಿದರೆ ಮಾಡೆಲ್ ನಿಜದ ಹಾಗೆ ಕಾಣುತ್ತದೆ ಅನ್ನುವ ಸಲಹೆ. ಈ ಸಲಹೆ ನಂಬಿ ಶುರು ಮಾಡಿದವರು ಪೈಲಟ್ ಕೂರುವ ಕಾಕ್‌ಪಿಟ್ ಮುಗಿಸುವಷ್ಟರಲ್ಲೇ ಸುಸ್ತಾಗಿ, ಡಬ್ಬ ಮುಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಆಮೇಲೆ ಅದನ್ನು ಯಾರೂ ಇಳಿಸುವುದಿಲ್ಲ.

ತಾಳ್ಮೆ ಬೇಡ ಅನ್ನುತ್ತಿಲ್ಲ. ಬಣ್ಣ ಒಣಗುವ ತನಕ ಮುಟ್ಟದೆ ಇರುವುದಕ್ಕಾದರೂ ಅದು ಬೇಕು. ಆದರೆ ನಿಜವಾದ ವಿಮಾನ ಹೇಗಿತ್ತು, ಯಾಕೆ ಹಾಗಿತ್ತು ಅಂತ ನೋಡದೆ ಕೂತರೆ, ತಪ್ಪನ್ನೇ ತುಂಬಾ ನೀಟಾಗಿ ಮಾಡಿ ಮುಗಿಸಿರುತ್ತೇವೆ, ಅಷ್ಟೇ. ಲೇಖನದ ಜೊತೆ ನೀವು ಹಾಕಿದ ಫೋಟೊವನ್ನೇ ನೋಡಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನವಾದ ಆ ಸ್ಪಿಟ್‌ಫೈರ್‌ನ ಬಣ್ಣ ಚೆನ್ನಾಗಿದೆ, ಅಂಟಿಸಿದ ಗುರುತೇ ಕಾಣುವುದಿಲ್ಲ, ಆದರೆ ಪ್ರೊಪೆಲ್ಲರ್ ಅಲಗುಗಳು ಹಿಂದುಮುಂದಾಗಿವೆ. ಅಲಗಿನ ಉಬ್ಬಿದ ಮೈ ಮುಂದಕ್ಕೆ ಇರಬೇಕು. ಇನ್ನೊಂದು ಗಮನಿಸಿ: ಮರ್ಲಿನ್ ಎಂಜಿನ್ ಇದ್ದ ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಕೂತ ಜಾಗದಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಿತ್ತು. ಆಮೇಲೆ ಬಂದ ಗ್ರಿಫನ್ ಎಂಜಿನ್ ಅದಕ್ಕೆ ಉಲ್ಟಾ. ಹಾಗಾಗಿ ಮರ್ಲಿನ್ ಇದ್ದ ಮಾರ್ಕ್ 9 ಮಾದರಿಯ ನಾಲ್ಕು ಅಲಗು ಒಂದು ಕಡೆಗೆ ಓರೆ, ಗ್ರಿಫನ್ ಇದ್ದ ಮಾರ್ಕ್ 14ರ ಐದು ಅಲಗು ಇನ್ನೊಂದು ಕಡೆಗೆ ಓರೆ. ಇದನ್ನು ಸರಿ ಮಾಡುವುದಕ್ಕೆ ತಾಳ್ಮೆಯೂ ಬೇಡ, ದುಡ್ಡೂ ಬೇಡ. ಒಂದು ಫೋಟೊ ನೋಡಿದರೆ ಆಯಿತು.

ಈಗ ಡಿಟೇಲ್ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಜಗಳ ಅಲ್ಲೇ ಇರುವುದು.

ಡಿಟೇಲಿಂಗ್, ಅಂದರೆ ಸಣ್ಣಪುಟ್ಟ ವಿವರ ತೋರಿಸುವ ಕೆಲಸ, ಅಂದ ಕೂಡಲೇ ಎಲ್ಲರಿಗೂ ಬರುವ ಯೋಚನೆ, ಏನನ್ನು ಸೇರಿಸಲಿ ಅಂತ. ಅದೇ ಯುದ್ಧದ ಅಮೆರಿಕನ್ ವಿಮಾನ ಪಿ-51 ಮಸ್ಟ್ಯಾಂಗ್ ತೆಗೆದುಕೊಳ್ಳಿ. ಕಿಟ್‌ನ ರೆಕ್ಕೆ ಮೇಲೆ ತಗಡುಗಳ ಸಂದು ತೋರಿಸುವ ಗೆರೆಗಳು, ತಗಡು ಜೋಡಿಸುವ ಮೊಳೆಗಳ, ಅಂದರೆ ರಿವೆಟ್‌ಗಳ ಚುಕ್ಕೆಗಳು ತುಂಬಿರುತ್ತವೆ. ನೋಡಿದರೆ ಖುಷಿಯಾಗುತ್ತದೆ, ಕೆಲವರು ಅದನ್ನು ಇನ್ನೂ ಆಳವಾಗಿ ಕೆತ್ತುತ್ತಾರೆ. ಆದರೆ ಕಾರ್ಖಾನೆಯಲ್ಲಿ ಮಾಡಿದ್ದೇ ಬೇರೆ. ಆ ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿಯಬೇಕಿತ್ತು. ಅದಕ್ಕೇ ಮುಂಭಾಗದ ಸುಮಾರು 40 ಶೇಕಡಾದಷ್ಟು ಜಾಗದಲ್ಲಿ ಸಂದುಗಳಿಗೂ ರಿವೆಟ್‌ಗಳಿಗೂ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಅಂದರೆ ವಿಮಾನದ ಒಡಲು ಬರೀ ಲೋಹ, ಆದರೆ ರೆಕ್ಕೆ ಬಣ್ಣ ಹೊಡೆದದ್ದು. ಎರಡರ ಹೊಳಪು ಬೇರೆ ಬೇರೆ. ಇದು ಗೊತ್ತಿದ್ದವರು ರೆಕ್ಕೆಯ ಮುಂಭಾಗದ ಚುಕ್ಕೆಗಳನ್ನು ಪುಟ್ಟಿ ಹಾಕಿ ಮುಚ್ಚುತ್ತಾರೆ. ಅದು ಕೂಡ ಡಿಟೇಲಿಂಗೇ, ಅಲ್ವಾ? ಹಣ ಕೊಟ್ಟು ಕೊಂಡ ಕಿಟ್‌ನ ಅರ್ಧ ಅಲಂಕಾರವನ್ನು ಅಳಿಸಲು ಮನಸ್ಸು ಬರುವುದಿಲ್ಲ, ಒಪ್ಪುತ್ತೇನೆ.

ರಿವೆಟ್ ಬಗ್ಗೆ ಒಂದು ಒಳ್ಳೆಯ ಕಥೆ ಇದೆ. ಸ್ಪಿಟ್‌ಫೈರ್ ತಯಾರಾಗುತ್ತಿದ್ದ ಕಾಲದಲ್ಲಿ ಎಲ್ಲಾ ಕಡೆ ಮೈಗೆ ಸಮನಾದ ರಿವೆಟ್ ಹೊಡೆಯುವುದು ಕಷ್ಟದ ಕೆಲಸವಾಗಿತ್ತು. ನಿಜವಾಗಿ ಎಲ್ಲೆಲ್ಲಿ ಅದು ಬೇಕು ಅಂತ ತಿಳಿಯಲು ಎಂಜಿನಿಯರ್‌ಗಳು ಪ್ರತಿ ರಿವೆಟ್ ಮೇಲೂ ಒಡೆದ ಬಟಾಣಿ ಕಾಳು ಅಂಟಿಸಿ ವಿಮಾನ ಹಾರಿಸಿದರು. ವೇಗ ಗಂಟೆಗೆ 20 ಮೈಲಿಗೂ ಜಾಸ್ತಿ ಇಳಿಯಿತು. ಆಮೇಲೆ ಒಂದೊಂದು ಸಾಲಿನ ಕಾಳು ಕೆರೆದು ತೆಗೆಯುತ್ತಾ, ಎಲ್ಲಿ ಉಬ್ಬು ತಲೆಯ ರಿವೆಟ್ ಇದ್ದರೂ ನಡೆಯುತ್ತದೆ ಅಂತ ಕಂಡುಕೊಂಡರು. ಹಾಗಿರುವಾಗ ಇಡೀ ವಿಮಾನಕ್ಕೆ ಒಂದೇ ತರಹದ ರಿವೆಟ್ ಗುರುತು ಒತ್ತುತ್ತಾ ಹೋಗುವುದರಲ್ಲಿ ಏನು ಅರ್ಥ?

ಸ್ವಲ್ಪ ಲೆಕ್ಕ ಮಾಡೋಣ, ಇದನ್ನು ಯಾರು ಬೇಕಾದರೂ ಮಾಡಬಹುದು. 1/72 ಸ್ಕೇಲ್ ಅಂದರೆ ಆರು ಅಡಿಗೆ ಒಂದು ಇಂಚು. 5 ಮಿಲಿಮೀಟರ್ ಅಗಲದ ರಿವೆಟ್ ತಲೆ ಈ ಸ್ಕೇಲ್‌ನಲ್ಲಿ 0.07 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ. ಕಿಟ್‌ನ ಮೇಲೆ ಕೆತ್ತಿದ ಗೆರೆ 0.2 ಮಿ.ಮೀ. ಇದ್ದರೆ ನಿಜದಲ್ಲಿ ಅದು 14 ಮಿ.ಮೀ. ಬಿರುಕು. ಅಂಥ ಬಿರುಕು ಇರುವ ವಿಮಾನವನ್ನು ಯಾರಾದರೂ ಹತ್ತುತ್ತಾರಾ? ಹಾಗಂತ ಗೆರೆಯೇ ಬೇಡ ಅನ್ನುವುದಿಲ್ಲ. ಗೆರೆ ಇಲ್ಲದಿದ್ದರೆ ಮಾಡೆಲ್ ಸೋಪಿನ ತುಂಡಿನ ಹಾಗೆ ಕಾಣುತ್ತದೆ. ಆದರೆ ಅದು ನಾವು ಕಣ್ಣಿಗೋಸ್ಕರ ಹೇಳುವ ಸುಳ್ಳು ಅಂತ ಗೊತ್ತಿರಲಿ. ಸುಳ್ಳು ಅಂತ ಗೊತ್ತಿದ್ದರೆ ಅದನ್ನು ಮೆಲ್ಲಗೆ ಹೇಳುತ್ತೇವೆ, ಗೆರೆಯೊಳಗೆ ಕಪ್ಪು ಮಸಿ ಸುರಿಯುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಕಡೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ರೆಕ್ಕೆಯ ಹಿಂದಿನ ಅಂಚು. ಎರಡು ಅರ್ಧಗಳನ್ನು ಅಂಟಿಸಿದ ಮೇಲೆ ಅದು ಅರ್ಧ ಮಿಲಿಮೀಟರ್ ದಪ್ಪ ಉಳಿದರೂ ನಿಜದಲ್ಲಿ 36 ಮಿ.ಮೀ. ಆಗುತ್ತದೆ, ಒಳ್ಳೆ ಹಲಗೆಯ ದಪ್ಪ! ಅಂಟಿಸುವ ಮೊದಲೇ ಒಳಮೈಯನ್ನು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ತೆಳ್ಳಗೆ ಮಾಡಿ. ಹೊರಗಿನ ಗೆರೆಗಳು ಹಾಳಾಗುವುದಿಲ್ಲ. ಹಾಗೆಯೇ ಹೊಗೆ ಕೊಳವೆಯ ಬಾಯಿ, ಬಂದೂಕಿನ ಬಾಯಿ ಮುಚ್ಚಿದ್ದರೆ ಸಣ್ಣ ಡ್ರಿಲ್‌ನಿಂದ ಕೊರೆಯಿರಿ. ನನ್ನನ್ನು ಕೇಳಿದರೆ ಹಿತ್ತಾಳೆ ಭಾಗಗಳ ಇಡೀ ಹಾಳೆಗಿಂತ ಈ ಎರಡು ಕೆಲಸದಿಂದ ಮಾಡೆಲ್‌ಗೆ ಆಗುವ ಲಾಭ ದೊಡ್ಡದು.

ಹಿತ್ತಾಳೆ ಭಾಗಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಸೀಟ್ ಬೆಲ್ಟ್‌ಗೆ, ಮೀಟರ್ ಫಲಕಕ್ಕೆ, ತೆಳು ತಗಡಿನ ಬಾಗಿಲುಗಳಿಗೆ ಅವು ಸೊಗಸಾಗಿರುತ್ತವೆ. ಆದರೆ ಅವು ಚಪ್ಪಟೆ. ನಿಜದಲ್ಲಿ ಉರುಟಾಗಿದ್ದ ಹಿಡಿಕೆ, ಕೊಳವೆಗಳ ಜಾಗಕ್ಕೆ ಚಪ್ಪಟೆ ಹಿತ್ತಾಳೆ ಅಂಟಿಸಿದರೆ ಕಿಟ್‌ನಲ್ಲಿದ್ದ ಪ್ಲಾಸ್ಟಿಕ್ಕೇ ವಾಸಿ ಅನ್ನಿಸುತ್ತದೆ. ಅಂಥ ಕಡೆ ತಂತಿ ಹಾಕಿ. ಇಲ್ಲವೇ ಕಿಟ್‌ನ ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿ ಇರುತ್ತದಲ್ಲ, ಸ್ಪ್ರೂ, ಅದನ್ನು ಮೋಂಬತ್ತಿಯ ಮೇಲ್ಗಡೆ ಸ್ವಲ್ಪ ಎತ್ತರದಲ್ಲಿ ತಿರುಗಿಸುತ್ತಾ ಮೆದು ಮಾಡಿ, ಉರಿಯಿಂದ ಈಚೆಗೆ ತಂದು ಎಳೆಯಿರಿ. ದಾರದಷ್ಟು ತೆಳುವಾದ ಎಳೆ ಬರುತ್ತದೆ. ಆಂಟೆನಾ ತಂತಿಗೆ, ಎರಡು ಅಂತಸ್ತಿನ ರೆಕ್ಕೆಯ ಹಳೆಯ ವಿಮಾನಗಳ ಬಿಗಿ ತಂತಿಗೆ ಅದು ಸಾಕು. ಕಾಕ್‌ಪಿಟ್ ಒಳಗೆ ನಾನು ಸಾಮಾನ್ಯವಾಗಿ ಬೆಲ್ಟ್ ಮಾತ್ರ ಸೇರಿಸುತ್ತೇನೆ. ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಮುಚ್ಚಿದ 1/72 ವಿಮಾನದಲ್ಲಿ ಬೇರೇನೂ ಕಾಣುವುದಿಲ್ಲ, ಸುಮ್ನೆ ಕಣ್ಣು ನೋವು.

ಹೊಸಬರಿಗೆ ನಾನು ಹೇಳುವುದು: ಮೊದಲು ಆಕಾರ ನೋಡಿ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾ ಮಕ್ಕಳಿಂದ ಮರದ ವಿಮಾನ ಮಾದರಿಗಳನ್ನು ಮಾಡಿಸಿತು. ಸೈನಿಕರು ಶತ್ರು ಯಾರು, ನಮ್ಮವರು ಯಾರು ಅಂತ ಗುರುತು ಹಿಡಿಯಲು ಅವನ್ನು ನೋಡಿ ಕಲಿಯುತ್ತಿದ್ದರು. ಎಲ್ಲವೂ 1/72, ಎಲ್ಲಕ್ಕೂ ಬರೀ ಕಪ್ಪು ಬಣ್ಣ. ಆ ಸ್ಕೇಲ್‌ನ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, ಅರ್ಧ ಮೈಲಿ ದೂರದ ನಿಜ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ಕಾಣುತ್ತದೆ. ಗೆರೆ ಇಲ್ಲ, ರಿವೆಟ್ ಇಲ್ಲ, ಕಾಕ್‌ಪಿಟ್ ಇಲ್ಲ, ಆದರೂ ಯಾವ ವಿಮಾನ ಅಂತ ಗೊತ್ತಾಗಬೇಕಿತ್ತು. ಹಾಗಾಗಿ ಎರಡೂ ರೆಕ್ಕೆ ಒಂದೇ ಕೋನದಲ್ಲಿ ಮೇಲಕ್ಕೆ ಎದ್ದಿವೆಯಾ, ಬಾಲ ನೆಟ್ಟಗಿದೆಯಾ, ಚಕ್ರದ ಕಾಲುಗಳು ಸೊಟ್ಟಗಿಲ್ಲವಾ ಅಂತ ಮೊದಲು ಪರೀಕ್ಷಿಸಿ. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ "ಏನೋ ಸರಿ ಇಲ್ಲ" ಅನ್ನಿಸುವುದು ಇಂಥದರಿಂದಲೇ.

ಆಮೇಲೆ ಹಳೆಯದಾಗಿ ಕಾಣಿಸುವ ಕೆಲಸ, ನಾವು ವೆದರಿಂಗ್ ಅನ್ನುವುದು. ಇದರ ಬಗ್ಗೆ ಲೇಖನದಲ್ಲಿ ಎರಡೇ ಸಾಲು ಇತ್ತು: ಬೆಳ್ಳಿ ಬಣ್ಣದ ಪೆನ್ಸಿಲ್‌ನಿಂದ ಅಂಚುಗಳಲ್ಲಿ ಗೀಚಿ, ಬಣ್ಣ ಕಿತ್ತು ಲೋಹ ಕಾಣುವ ಹಾಗೆ ಮಾಡಿ ಅಂತ. ಸರಿ, ಆದರೆ ಡಿ ಹ್ಯಾವಿಲೆಂಡ್ ಮಸ್ಕೀಟೊ ಮಾಡುವವರು ಇದನ್ನು ಮಾಡಿದರೆ? ಅದು ಮರದ ವಿಮಾನ! ರೆಕ್ಕೆಯೂ ಮರ, ಒಡಲೂ ಮರ, ಮೇಲೆ ಬಟ್ಟೆ ಎಳೆದು ಬಣ್ಣ ಹೊಡೆದದ್ದು. ಅಲ್ಲಿ ಬಣ್ಣ ಕಿತ್ತರೆ ಬೆಳ್ಳಿ ಎಲ್ಲಿಂದ ಬರಬೇಕು? ಬ್ರಿಟಿಷರ ಇನ್ನೊಂದು ವಿಮಾನ ಹರಿಕೇನ್‌ನ ಒಡಲಿನ ಹಿಂಭಾಗವೂ ಬಟ್ಟೆಯದೇ. ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಹತ್ತುವ ಸಣ್ಣ ಬಾಗಿಲು ಎಡಗಡೆ ಇದೆ, ಹಾಗಾಗಿ ಕಾಲಿಟ್ಟು ಸವೆಯುವುದು ಎಡ ರೆಕ್ಕೆಯ ಬುಡದಲ್ಲಿ ಜಾಸ್ತಿ. ಎರಡೂ ಕಡೆ ಒಂದೇ ಅಳತೆಗೆ ಕೆರೆದಿದ್ದರೆ ಮಾಡಿದವರು ಯೋಚಿಸಿಲ್ಲ ಅಂತಲೇ ಅರ್ಥ. ನಿಂತ ಮಸ್ಟ್ಯಾಂಗ್‌ನ ಹೊಟ್ಟೆಯಡಿಯ ಚಕ್ರದ ಬಾಗಿಲುಗಳು ಜೋತುಬಿದ್ದಿರುವುದನ್ನು ಫೋಟೊಗಳಲ್ಲಿ ನೋಡಿರಬಹುದು. ಎಂಜಿನ್ ನಿಲ್ಲಿಸಿದ ಮೇಲೆ ಹೈಡ್ರಾಲಿಕ್ ಒತ್ತಡ ಇಳಿಯುತ್ತಾ ಹೋಗುತ್ತದೆ, ಅದಕ್ಕೆ ಅವು ಕೆಳಗೆ ಬರುತ್ತವೆ. ಈ ಕಾರಣ ಒಂದು ಗೊತ್ತಿದ್ದರೆ, ಬಾಗಿಲು ತೆರೆದು ಅಂಟಿಸಲಾ ಮುಚ್ಚಿ ಅಂಟಿಸಲಾ ಅಂತ ಯಾರನ್ನೂ ಕೇಳಬೇಕಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ 1944ರ ಜೂನ್‌ನ ನಾರ್ಮಂಡಿ ದಾಳಿಯ ಪಟ್ಟೆಗಳು. ಸ್ವಂತ ಪಡೆಯವರೇ ಗುಂಡು ಹೊಡೆಯದಿರಲಿ ಅಂತ ಮಿತ್ರ ಪಡೆಗಳ ವಿಮಾನಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆ ಬಳಿದರು. ಒಂಟಿ ಎಂಜಿನ್ ವಿಮಾನಕ್ಕೆ ಒಂದೊಂದು ಪಟ್ಟೆ 18 ಇಂಚು ಅಗಲ, 1/72ರಲ್ಲಿ ಸರಿಯಾಗಿ ಕಾಲು ಇಂಚು. ನಾವೆಲ್ಲ ಟೇಪ್ ಅಂಟಿಸಿ ಗೀಟು ಎಳೆದ ಹಾಗೆ ಬಳಿಯುತ್ತೇವೆ, ಅಂಚು ಚೂರು ಹರಿದರೂ ಬೇಜಾರು ಮಾಡಿಕೊಳ್ಳುತ್ತೇವೆ. ಆದರೆ ಆಗ ದಾಳಿಯ ಗುಟ್ಟು ರಟ್ಟಾಗಬಾರದು ಅಂತ ಕೊನೇ ಗಳಿಗೆಯಲ್ಲಿ ಆದೇಶ ಬಂದಿತ್ತು, ಎಷ್ಟೋ ಕಡೆ ನೆಲದ ಸಿಬ್ಬಂದಿ ಕೈಗೆ ಸಿಕ್ಕ ಬ್ರಷ್ ಹಿಡಿದು ಗಡಿಬಿಡಿಯಲ್ಲಿ ಬಳಿದರು. ಫೋಟೊಗಳಲ್ಲಿ ಓರೆಕೋರೆ ಅಂಚುಗಳು, ಬ್ರಷ್ ಗುರುತುಗಳು ಚೆನ್ನಾಗಿ ಕಾಣುತ್ತವೆ. ಇಲ್ಲಿ ನಮ್ಮ ತಾಳ್ಮೆಯೇ ಮಾಡೆಲ್ ಅನ್ನು ಸುಳ್ಳು ಮಾಡುತ್ತದೆ.

ಫೋಟೊ ನೋಡಿ ಅಂತ ಹೇಳುತ್ತಿದ್ದೇನೆ, ಆದರೆ ಫೋಟೊ ಕೂಡ ದಾರಿ ತಪ್ಪಿಸುತ್ತದೆ. ಹಳೆಯ ಕಪ್ಪುಬಿಳುಪು ಫಿಲ್ಮ್‌ಗಳಲ್ಲಿ ಆರ್ಥೊಕ್ರೊಮ್ಯಾಟಿಕ್ ಅನ್ನುವ ಒಂದು ಬಗೆಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಕೆಂಪು ಕಪ್ಪಾಗಿ ಬರುತ್ತಿತ್ತು, ಹಳದಿಯೂ ಗಾಢವಾಗಿ ಬರುತ್ತಿತ್ತು. ಬ್ರಿಟಿಷ್ ವಿಮಾನಗಳ ವೃತ್ತದ ಗುರುತಿನ ಸುತ್ತ ಇರುವ ಹಳದಿ ಉಂಗುರ ಕೆಲವು ಫೋಟೊಗಳಲ್ಲಿ ಕಪ್ಪಗೆ ಕಾಣುವುದು ಅದಕ್ಕೇ. ಆಧುನಿಕ ಜೆಟ್‌ಗಳಲ್ಲಿ ಇಷ್ಟು ಕಷ್ಟ ಇಲ್ಲ, ಅಮೆರಿಕ ಸರ್ಕಾರದ ಬಣ್ಣಗಳ ಹಳೆಯ ಪಟ್ಟಿ ಎಫ್‌ಎಸ್ 595ರ ಸಂಖ್ಯೆ ಸಿಕ್ಕರೆ ಬಣ್ಣ ಸಿಕ್ಕಿದ ಹಾಗೆ. ಅದರ ಮೊದಲ ಅಂಕಿ ಹೊಳಪನ್ನೂ ಎರಡನೆಯದು ಬಣ್ಣದ ಗುಂಪನ್ನೂ ಹೇಳುತ್ತದೆ. ಎಫ್-16ರ 36375 ಅಂದರೆ ಹೊಳಪಿಲ್ಲದ ಬೂದು. ಆದರೂ ಬಿಸಿಲು ಮಳೆಗೆ ಬಿದ್ದ ವಿಮಾನ ಡಬ್ಬಿಯ ಬಣ್ಣದಲ್ಲೇ ಉಳಿಯುವುದಿಲ್ಲ. ಬಣ್ಣದ ಬಗ್ಗೆ ಹಠ ಹಿಡಿದು ಜಗಳ ಮಾಡುವವರ ಜೊತೆ ನಾನು ಸೇರುವುದಿಲ್ಲ.

ಕೊನೆಯದಾಗಿ, ಲೇಖನದಲ್ಲಿ ಇರಲೇಬೇಕಾಗಿದ್ದು ಬಿಟ್ಟುಹೋದ ವಿಷಯ: ಸುರಕ್ಷತೆ. ರೆಸಿನ್ ಭಾಗ ಸೇರಿಸಿ ಅಂತ ಬರೆದವರು ಅದನ್ನು ಉಜ್ಜುವಾಗ ಏಳುವ ಪುಡಿ ಶ್ವಾಸಕ್ಕೆ ಕೆಟ್ಟದ್ದು ಅಂತ ಒಂದು ಸಾಲು ಬರೆಯಬೇಕಿತ್ತು. ನೀರು ಹಾಕಿ ಉಜ್ಜಬೇಕು, ಮಾಸ್ಕ್ ಕಟ್ಟಿಕೊಳ್ಳಬೇಕು. ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಕಟುವಾದ ದ್ರಾವಕ ಇರುವ ಲ್ಯಾಕರ್ ಬಣ್ಣ ಹೊಡೆಯುವವರಿಗೆ ಧೂಳಿನ ಮಾಸ್ಕ್ ಸಾಲದು, ರಾಸಾಯನಿಕ ಆವಿಯನ್ನು ತಡೆಯುವ ಫಿಲ್ಟರ್ ಇರುವಂಥದ್ದೇ ಬೇಕು, ಕಿಟಕಿಯೂ ತೆರೆದಿರಬೇಕು. ಪ್ಲಾಸ್ಟಿಕ್ ಅಂಟು ಅಂದರೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಕ, ಅದರ ಬಾಟಲಿಯನ್ನು ಮುಚ್ಚಳ ತೆಗೆದು ಮೂಗಿನ ಕೆಳಗೆ ಇಟ್ಟುಕೊಂಡು ಕೂರಬೇಡಿ. ಮೂಗಿನಡಿ ಚಕ್ರ ಇರುವ ವಿಮಾನ ಬಾಲದ ಮೇಲೆ ಕೂರದಿರಲಿ ಅಂತ ಮೂತಿಯೊಳಗೆ ಸೀಸದ ತುಂಡು ತುಂಬುತ್ತಾರೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಅದನ್ನು ಬಿಳಿ ಅಂಟಿನಿಂದ ಅಂಟಿಸಲೂಬಾರದು, ಯಾಕೆಂದರೆ ಆ ಅಂಟಿನ ಆಮ್ಲಕ್ಕೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ವರ್ಷಗಳ ನಂತರ ಮೂತಿ ತಾನಾಗಿಯೇ ಸೀಳುತ್ತದೆ. ಎಪಾಕ್ಸಿ ಅಂಟು ಬಳಸಿ.

ಈ ಪುಟವನ್ನು ಮಕ್ಕಳೂ ಓದುತ್ತಾರೆ. ಆದ್ದರಿಂದ ಮುಂದಿನ ಕಂತು ಬರುವುದಾದರೆ, ಬೇರೇನು ಬಿಟ್ಟರೂ ಪರವಾಗಿಲ್ಲ, ಈ ಪುಡಿ, ಆವಿ, ಸೀಸದ ಮಾತನ್ನು ಬಾಕ್ಸ್ ಕಟ್ಟಿ ಎದ್ದು ಕಾಣುವ ಹಾಗೆ ಹಾಕಿ.

ಇಂತಿ,
ನಿಮ್ಮ ಓದುಗ