ಮಾಲಿಯನ್ನು ಮರೆತ ಲೇಖನ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ 1940ರ ಹಾಲಿವುಡ್ ಚಿತ್ರ 'ಹಿಸ್ ಗರ್ಲ್ ಫ್ರೈಡೆ' ಕುರಿತು ಬಂದ ಲೇಖನವನ್ನು ಓದಿದೆ. ವಿಚ್ಛೇದನ ಪಡೆದ ಗಂಡ ಹೆಂಡತಿ ಜಗಳವಾಡುತ್ತಲೇ ಮತ್ತೆ ಒಂದಾಗುವ ಹಗುರವಾದ ಪ್ರೇಮಕಥೆ ಎಂದು ಲೇಖಕರು ಬರೆದಿದ್ದಾರೆ. ಕ್ಯಾರಿ ಗ್ರಾಂಟನ ಗುಳಿಬಿದ್ದ ಗದ್ದ, ರೊಸಲಿಂಡ್ ರಸೆಲ್ ತೊಟ್ಟ ಪಟ್ಟೆಪಟ್ಟೆಯ ಕೋಟು, ಅದಕ್ಕೊಪ್ಪುವ ಟೋಪಿ, ಎಲ್ಲವೂ ಲೇಖನದಲ್ಲಿವೆ. ಚಿತ್ರದಲ್ಲಿ ಬರುವ ಮಾಲಿ ಮಲಾಯ್ ಎಂಬ ಹೆಣ್ಣಿನ ಹೆಸರು ಮಾತ್ರ ಒಂದು ಕಡೆಯೂ ಇಲ್ಲ. ಅದಕ್ಕಾಗಿ ಈ ಪತ್ರ.

ನಾನು ಧಾರವಾಡದ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ನಿವೃತ್ತಳಾದವಳು. ಹರಿದ ಕಿವಿಗೆ ಹೊಲಿಗೆ ಹಾಕಿಸಿಕೊಂಡು ಬಂದವರ ಜಬಾನಿಯನ್ನೂ ಬರೆದುಕೊಂಡಿದ್ದೇನೆ, ಬೆಳ್ಳಿಯ ತಟ್ಟೆ ಯಾರ ಕಡೆಯದು ಎಂಬ ವಾದವನ್ನೂ ಬರೆದುಕೊಂಡಿದ್ದೇನೆ. ಆದ್ದರಿಂದ ಈ ಚಿತ್ರವನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ನೋಡಿದೆ. ಇದರ ಹಕ್ಕನ್ನು ಕಾಲಕ್ಕೆ ಸರಿಯಾಗಿ ನವೀಕರಿಸದೆ ಹೋದದ್ದರಿಂದ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಕಾಲದ ಸೀನಿಯರ್ ಶೀಘ್ರಲಿಪಿ ಪರೀಕ್ಷೆಯ ವೇಗ ನಿಮಿಷಕ್ಕೆ 120 ಪದ. ಈ ಚಿತ್ರದ ಮಾತು ಕೆಲವೆಡೆ 240ನ್ನು ಮುಟ್ಟುತ್ತದೆ ಎನ್ನುತ್ತಾರೆ. ಹಳೆಯ ಚಪಲ ಬಿಡದೆ ಪೆನ್ಸಿಲ್ ಹಿಡಿದು ಕುಳಿತರೆ ಮೊದಲ ದೃಶ್ಯದಲ್ಲಿಯೇ ಕೈ ಸೋತಿತು. ವೇಗವೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಒಬ್ಬರ ವಾಕ್ಯ ಮುಗಿಯುವ ಮುನ್ನವೇ ಇನ್ನೊಬ್ಬರ ವಾಕ್ಯ ಏರಿ ಬರುತ್ತದೆ. ನಿರ್ದೇಶಕ ಹಾವರ್ಡ್ ಹಾಕ್ಸ್ ಇದನ್ನು ಬೇಕೆಂದೇ ಮಾಡಿಸಿದ್ದು: ವಾಕ್ಯದ ಮೊದಲಿಗೂ ಕೊನೆಗೂ ಇಲ್ಲದಿದ್ದರೂ ನಡೆಯುವ ಮಾತುಗಳನ್ನು ಇಟ್ಟು, ನಿಜವಾಗಿ ಕೇಳಬೇಕಾದದ್ದನ್ನು ನಡುವೆ ಸೇರಿಸಿದರು. ಇಬ್ಬರು ವಕೀಲರು ಒಟ್ಟಿಗೆ ಎದ್ದು ನಿಂತಾಗ ನಾವು ಯಾರ ಬಾಯಿಯನ್ನೂ ನೋಡದೆ ನ್ಯಾಯಾಧೀಶರ ಮುಖವನ್ನೇ ನೋಡುತ್ತಿದ್ದೆವು, ಅವರು ಹೇಳಿದ್ದನ್ನಷ್ಟೇ ಬರೆದುಕೊಳ್ಳುತ್ತಿದ್ದೆವು. ಈ ಚಿತ್ರದಲ್ಲಿ ನ್ಯಾಯಾಧೀಶರ ಜಾಗದಲ್ಲಿ ಯಾರೂ ಇಲ್ಲ.

ಕಥೆಯ ಗುಟ್ಟು ತಿಳಿಯಲು ಮೂಲ ನಾಟಕವನ್ನು ನೆನೆಯಬೇಕು. ಷಿಕಾಗೊದಲ್ಲಿ ವರದಿಗಾರರಾಗಿ ದುಡಿದಿದ್ದ ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ 1928ರಲ್ಲಿ ಬರೆದ 'ದಿ ಫ್ರಂಟ್ ಪೇಜ್' ಅದು. ಅದರಲ್ಲಿ ವರದಿಗಾರ ಹಿಲ್ಡಿ ಜಾನ್ಸನ್ ಗಂಡಸು. ಮದುವೆಯಾಗಿ ಊರು ಬಿಡಲು ಹೊರಟವನನ್ನು ಸಂಪಾದಕ ವಾಲ್ಟರ್ ಬರ್ನ್ಸ್ ಹೋಗಗೊಡುವುದಿಲ್ಲ. ಹಾಕ್ಸ್ ಹಿಲ್ಡಿಯನ್ನು (ರಸೆಲ್) ಹೆಣ್ಣಾಗಿಸಿದರು, ಜೊತೆಗೆ ಸಂಪಾದಕನ (ಗ್ರಾಂಟ್) ಮಾಜಿ ಹೆಂಡತಿಯನ್ನಾಗಿಯೂ ಮಾಡಿದರು. ಅಲ್ಲಿಗೆ ನೌಕರಿಯ ಜಗಳವೇ ಸಂಸಾರದ ಜಗಳವಾಯಿತು. ವಿಚ್ಛೇದನದ ದಿನ ವಾಲ್ಟರ್ ವಿಮಾನ ಬಾಡಿಗೆಗೆ ಹಿಡಿದು, ಆತುರಪಡಬೇಡ, ನನ್ನ ಗುಳಿಯನ್ನು ನೆನಪಿಸಿಕೋ ಎಂದು ಆಕಾಶದಲ್ಲಿ ಬರೆಸಿದ್ದನಂತೆ. ನ್ಯಾಯಾಧೀಶರು ಹೊರಗೆ ಬಂದು ಅದನ್ನು ನೋಡುತ್ತ ನಿಂತದ್ದರಿಂದ ವಿಚ್ಛೇದನ ಇಪ್ಪತ್ತು ನಿಮಿಷ ತಡವಾಯಿತು ಎಂದು ಹಿಲ್ಡಿ ಬೈಯುತ್ತಾಳೆ. ನನಗೆ ಅಲ್ಲಿ ತಡೆಯಲಾರದ ನಗು. ಮಧ್ಯಂತರ ಅರ್ಜಿಗಳಿಂದ ವಾಯಿದೆ ಮುಂದೆ ಹೋದದ್ದನ್ನು ಬೇಕಾದಷ್ಟು ಕಂಡಿದ್ದೇನೆ, ಆಕಾಶದ ಅರ್ಜಿಯನ್ನು ಮಾತ್ರ ಕಂಡಿರಲಿಲ್ಲ.

ಲೇಖಕರು ವಾಲ್ಟರನನ್ನು 'ತುಂಟ ಗಂಡ' ಎಂದು ಕರೆದಿದ್ದಾರೆ. ಸ್ವಲ್ಪ ತಾಳಿ. ಹಿಲ್ಡಿ ಮದುವೆಯಾಗಲಿರುವ ಬ್ರೂಸ್ ಬಾಲ್ಡ್‌ವಿನ್ ಆಲ್ಬನಿ ಊರಿನ ಪಾಪದ ವಿಮಾ ಏಜೆಂಟ್. ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಡದವನು. ವಾಲ್ಟರ್ ತನ್ನ ಬಂಟ ಲೂಯಿಯನ್ನು ಛೂಬಿಟ್ಟು ಅವನ ಮೇಲೆ ಗಡಿಯಾರ ಕದ್ದ ಆರೋಪ ಹೊರಿಸುತ್ತಾನೆ: ಭಾರತೀಯ ದಂಡ ಸಂಹಿತೆಯ 211ನೇ ಕಲಂ. ಬಿಡಿಸಿಕೊಂಡು ಬಂದರೆ ಹೆಣ್ಣೊಬ್ಬಳನ್ನು ಪೀಡಿಸಿದ ಆರೋಪ, ಮತ್ತೆ ಅದೇ ಕಲಂ. ಮೂರನೆಯ ಸಲ ಖೋಟಾ ನೋಟು ಕೈಸೇರುವಂತೆ ಮಾಡುತ್ತಾನೆ, 489ಬಿ. ಬ್ರೂಸನ ತಾಯಿಯನ್ನು ಹೊತ್ತುಕೊಂಡು ಹೋಗಿಸುತ್ತಾನೆ, 365. ಸೆರೆಯಿಂದ ತಪ್ಪಿಸಿಕೊಂಡವನನ್ನು ಬಚ್ಚಿಡುತ್ತಾನೆ, 216. ಈಗ ಹೊಸ ಸಂಹಿತೆ ಬಂದು ಈ ಸಂಖ್ಯೆಗಳೆಲ್ಲ ಬದಲಾಗಿವೆ ಎಂದು ಗೊತ್ತು, ಆದರೆ ನನ್ನ ಬೆರಳುಗಳು ಕಲಿತದ್ದು ಹಳೆಯವನ್ನು. ಇಷ್ಟೆಲ್ಲ ಮಾಡಿದವನು ನಮ್ಮಲ್ಲಾಗಿದ್ದರೆ ಜಾಮೀನಿಗೆ ಅಲೆಯುತ್ತಿದ್ದ. ಸಿನಿಮಾದಲ್ಲಿ ಹೆಂಡತಿ ಮರಳಿ ಸಿಗುತ್ತಾಳೆ.

ನಮ್ಮ ಮನೆಯವರು ವಿಮೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಚಿತ್ರ ಮುಗಿಯುವವರೆಗೂ ಬ್ರೂಸನ ಪರ ವಕಾಲತ್ತು ವಹಿಸಿದ್ದರು. ವಾಲ್ಟರ್ ಒಂದು ಪಾಲಿಸಿ ಮಾಡಿಸಲು ಒಪ್ಪಿ, ಮಾಜಿ ಹೆಂಡತಿಯ ಹೆಸರನ್ನೇ ಬರೆಸಿ, ವೈದ್ಯರ ತಪಾಸಣೆಗೆ ಒಡ್ಡಿಕೊಳ್ಳುವ ದೃಶ್ಯವನ್ನು ಅವರು ಹಿಂದಕ್ಕೆ ಎಳೆದು ಎರಡನೆಯ ಸಲ ನೋಡಿದರು. 'ಪಾಪ, ಕಮಿಷನ್ ಬಂತೆಂದು ಆ ಹುಡುಗ ಹಿಗ್ಗುತ್ತಾನೆ ನೋಡು' ಎಂದರು. ಬ್ರೂಸನಾಗಿ ನಟಿಸಿದವರು ರಾಲ್ಫ್ ಬೆಲಾಮಿ. ಅವನು ನೋಡಲು ಹೇಗಿದ್ದಾನೆ ಎಂದು ಕೇಳಿದಾಗ ವಾಲ್ಟರ್ ಕೊಡುವ ಉತ್ತರ, ಸಿನಿಮಾದಲ್ಲಿ ಬರುತ್ತಾನಲ್ಲ ರಾಲ್ಫ್ ಬೆಲಾಮಿ, ಅವನ ಹಾಗೆ! ನಟನ ಹೆಸರನ್ನೇ ಚಿತ್ರದೊಳಗೆ ಎಳೆದು ತಂದ ಆ ಸಾಲಿಗೆ ನಮ್ಮ ಮನೆಯವರೂ ಸೋತು ನಕ್ಕರು.

ಇನ್ನು ನಗು ನಿಲ್ಲುವ ಜಾಗ. ಇಡೀ ಗಲಾಟೆ ನಡೆಯುವುದು ಗಲ್ಲುಗಂಬ ಸಿದ್ಧವಾಗುತ್ತಿರುವ ಅಂಗಳದ ಮೇಲಿನ ಪತ್ರಕರ್ತರ ಕೊಠಡಿಯಲ್ಲಿ. ಬೆಳಗಾದರೆ ಅರ್ಲ್ ವಿಲಿಯಮ್ಸ್ ಎಂಬ ಬಡಪಾಯಿ ಗುಮಾಸ್ತನಿಗೆ ಗಲ್ಲು. ಕೆಲಸ ಹೋಗಿ, ತಲೆ ಕೆಟ್ಟು, ಕೈಗೆ ಸಿಕ್ಕ ಪಿಸ್ತೂಲಿನಿಂದ ಪೊಲೀಸನೊಬ್ಬನನ್ನು ಕೊಂದವನು ಅವನು. ಸತ್ತ ಪೊಲೀಸ್ ಕಪ್ಪು ಜನಾಂಗದವನು, ಚುನಾವಣೆ ತಲೆಯ ಮೇಲಿದೆ, ಮೇಯರನಿಗೂ ಷೆರಿಫನಿಗೂ ಆ ಜನರ ಮತ ಬೇಕು. ಗವರ್ನರರಿಂದ ಗಲ್ಲಿಗೆ ತಡೆ ತಂದವನಿಗೆ ನೌಕರಿಯ ಆಸೆ ತೋರಿಸಿ, ಕಾಗದವೇ ತಲುಪಿಲ್ಲವೆಂದು ಹೇಳುವಂತೆ ಮೇಯರ್ ಸಾಗಹಾಕುತ್ತಾನೆ. ಷೆರಿಫನ ಬುದ್ಧಿಯನ್ನಂತೂ ಕೇಳಲೇಬೇಡಿ: ಅಪರಾಧ ಹೇಗೆ ನಡೆಯಿತೆಂದು ಮನೋವೈದ್ಯರಿಗೆ ಮಾಡಿ ತೋರಿಸಲು ತನ್ನ ಪಿಸ್ತೂಲನ್ನೇ ಕೈದಿಯ ಕೈಗೆ ಕೊಡುತ್ತಾನೆ. ಕೈದಿ ಗುಂಡು ಹಾರಿಸಿ ತಪ್ಪಿಸಿಕೊಳ್ಳದೆ ಇನ್ನೇನು ಮಾಡಿಯಾನು?

ಅದಕ್ಕೂ ಮೊದಲು ಹಿಲ್ಡಿ ಸೆರೆಮನೆಗೆ ಹೋಗಿ ವಿಲಿಯಮ್ಸನೊಂದಿಗೆ ಮಾತನಾಡುವ ದೃಶ್ಯವೊಂದಿದೆ. ಅಲ್ಲಿ ಮಾತಿನ ವೇಗ ಒಮ್ಮೆಲೇ ಇಳಿಯುತ್ತದೆ. ಸಿಗರೇಟು ಕೊಟ್ಟರೆ ತಾನು ಸೇದುವುದಿಲ್ಲ ಎನ್ನುತ್ತಾನೆ. ಉದ್ಯಾನದಲ್ಲಿ ಭಾಷಣಕಾರರ ಬಾಯಿಂದ ಏನು ಕೇಳಿದೆ ಎಂದು ಅವಳು ವಿಚಾರಿಸುತ್ತಾಳೆ. ಉತ್ಪಾದನೆ ಎಂಬುದು ಬಳಕೆಗಾಗಿ ಎಂಬ ಮಾತು ಅವನಿಗೆ ನೆನಪಾಗುತ್ತದೆ. ಹಾಗಾದರೆ ಪಿಸ್ತೂಲು ಇರುವುದೂ ಬಳಸುವುದಕ್ಕೇ, ಆದ್ದರಿಂದ ಬಳಸಿದೆಯಲ್ಲವೇ ಎಂದು ಅವಳೇ ದಾರಿ ತೋರಿಸುತ್ತಾಳೆ, ಅವನು ಒಪ್ಪಿಕೊಳ್ಳುತ್ತಾನೆ. ಸಾಕ್ಷಿಯ ಬಾಯಿಗೆ ಉತ್ತರವನ್ನು ಇಡುವ ಇಂಥ ಪ್ರಶ್ನೆಗೆ ನಮ್ಮಲ್ಲಿ ಕೂಡಲೇ ಆಕ್ಷೇಪಣೆ ಬರುತ್ತದೆ. ಹಿಲ್ಡಿ ಒಳ್ಳೆಯವಳು, ಅವನನ್ನು ಉಳಿಸಲೆಂದೇ ಹಾಗೆ ಮಾಡಿದಳು. ಆದರೂ ಆ ಉತ್ತರ ಅವನದೋ ಅವಳದೋ ಎಂಬ ಅನುಮಾನ ನನಗೆ ಹೋಗಿಲ್ಲ.

ಆಮೇಲೆ ಮಾಲಿ. ಪಾತ್ರ ಮಾಡಿದವರು ಹೆಲೆನ್ ಮ್ಯಾಕ್. ವಿಲಿಯಮ್ಸನ ಪ್ರೇಯಸಿ ಎಂದು ಎಲ್ಲ ಪತ್ರಿಕೆಗಳೂ ಅವಳ ಬಗ್ಗೆ ಬಣ್ಣ ಕಟ್ಟಿ ಬರೆದಿವೆ. ಅವಳು ಮಾಡಿದ್ದು ಇಷ್ಟೆ: ಮಳೆಯಲ್ಲಿ ಟೋಪಿಯಿಲ್ಲದೆ ಕೋಟಿಲ್ಲದೆ ಅಲೆಯುತ್ತಿದ್ದವನನ್ನು ಏನಾಯಿತೆಂದು ಕೇಳಿ, ಬೆಚ್ಚಗಿದ್ದ ತನ್ನ ಕೋಣೆಗೆ ಕರೆದುಕೊಂಡು ಹೋದದ್ದು. ಅದನ್ನು ಹೇಳಲು ಪತ್ರಕರ್ತರ ಕೊಠಡಿಗೆ ಬರುತ್ತಾಳೆ. ಅವರು ಇಸ್ಪೀಟು ಬಿಡುವುದಿಲ್ಲ, ಕುಹಕ ಬಿಡುವುದಿಲ್ಲ. ಹಿಲ್ಡಿ ಎದ್ದು ಅವಳ ಹೆಗಲು ಹಿಡಿದು ಹೊರಗೆ ಕರೆದೊಯ್ಯುತ್ತಾಳೆ. ಆಗ ಆ ಗಂಡಸರ ಗುಂಪಿನ ಮೇಲೆ ಬೀಳುವ ಮೌನವಿದೆಯಲ್ಲ, ಇಡೀ ಚಿತ್ರದಲ್ಲಿ ನನ್ನ ಪೆನ್ಸಿಲಿಗೆ ಬಿಡುವು ಸಿಕ್ಕಿದ್ದೇ ಅಲ್ಲಿ. ನ್ಯಾಯಾಲಯದಲ್ಲಿ ಸಾಕ್ಷಿಯ ನಡವಳಿಕೆಯ ಬಗ್ಗೆ ನ್ಯಾಯಾಧೀಶರು ಷರಾ ಬರೆಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಂ ಹೇಳುತ್ತಿತ್ತು. 'ಸಾಕ್ಷಿ ಅಳುತ್ತಾಳೆ' ಎಂದು ಬರೆದರೆ ಆ ಅಳು ಕಡತದಲ್ಲಿ ಉಳಿಯುತ್ತದೆ. ಮಾಲಿಯ ಅಳುವಿಗೆ ಅಲ್ಲಿದ್ದ ಯಾವ ಪೆನ್ಸಿಲೂ ಏಳಲಿಲ್ಲ.

ಎರಡನೆಯ ಸಲ ಅವಳು ಬರುವಷ್ಟರಲ್ಲಿ ತಪ್ಪಿಸಿಕೊಂಡ ವಿಲಿಯಮ್ಸ್ ಅದೇ ಕೊಠಡಿಯ ಮುಚ್ಚಳದ ಮೇಜಿನೊಳಗೆ ಅಡಗಿದ್ದಾನೆ. ಪತ್ರಕರ್ತರಿಗೆ ವಾಸನೆ ಹತ್ತಿದೆ, ಹಿಲ್ಡಿಯನ್ನು ಸುತ್ತುವರಿದಿದ್ದಾರೆ. ಅವರ ಗಮನವನ್ನು ತನ್ನ ಕಡೆ ಸೆಳೆಯಲು ಮಾಲಿ ತನಗೆಲ್ಲ ಗೊತ್ತೆಂದು ಕೂಗುತ್ತಾಳೆ, ಅವರು ಮೈಮೇಲೆ ಬರುತ್ತಿದ್ದಂತೆ ಕಿಟಕಿಯಿಂದ ಕೆಳಗೆ ಹಾರುತ್ತಾಳೆ. ಸತ್ತಿಲ್ಲ, ಕದಲುತ್ತಿದ್ದಾಳೆ ಎಂದು ಯಾರೋ ಹೇಳುತ್ತಾರೆ. ಎಲ್ಲರೂ ಸುದ್ದಿಗಾಗಿ ಕೆಳಗೆ ಓಡುತ್ತಾರೆ. ಆ ಹೊತ್ತಿಗೆ ಬಂದ ವಾಲ್ಟರನನ್ನು, ನೋಡಿದೆಯಾ ಎಂದು ಹಿಲ್ಡಿ ಕೇಳುತ್ತಾಳೆ. ನೋಡಿದೆ ಎನ್ನುತ್ತಾನೆ, ಮರುಕ್ಷಣವೇ ಅವನೆಲ್ಲಿ ಎಂದು ಕೇಳುತ್ತಾನೆ. ಅವನಿಗೆ ಬೇಕಾದದ್ದು ಮೇಜಿನೊಳಗಿನ ಮನುಷ್ಯ.

ಇದು ನಿರ್ದೇಶಕರ ಕೈತಪ್ಪಲ್ಲ. ನಾವು ನಗುತ್ತ ನಗುತ್ತಲೇ ಅವಳನ್ನು ದಾಟಿ ಹೋಗುವಂತೆ ಲೆಕ್ಕ ಹಾಕಿ ಕಟ್ಟಿದ್ದಾರೆ. ಮಾತು ಆ ಓಟದಲ್ಲಿ ಓಡದಿದ್ದರೆ ನಾವು ಕಿಟಕಿಯ ಹತ್ತಿರವೇ ನಿಂತುಬಿಡುತ್ತಿದ್ದೆವು. ಹಿಲ್ಡಿಯೂ ನಿಲ್ಲುವುದಿಲ್ಲ. ಟೈಪ್‌ರೈಟರ್ ಮುಂದೆ ಕುಳಿತಳೆಂದರೆ ಬಾಗಿಲಲ್ಲಿ ನಿಂತು ಅಂಗಲಾಚುವ ಬ್ರೂಸ್ ಕೂಡ ಅವಳಿಗೆ ಕಾಣುವುದಿಲ್ಲ. ಮದುವೆ ಮುರಿದದ್ದೂ ಆ ಟೈಪ್‌ರೈಟರಿನಿಂದಲೇ, ಕೂಡಿದ್ದೂ ಅದರಿಂದಲೇ. ಆ ದಾಂಪತ್ಯ ಮತ್ತೆ ಕುದುರಲು ಒಬ್ಬನಿಗೆ ಗಲ್ಲು ಕಾದಿರಬೇಕಾಯಿತು, ಒಬ್ಬಳು ಕಿಟಕಿಯಿಂದ ಬೀಳಬೇಕಾಯಿತು. ಅದನ್ನು ಬಿಟ್ಟು ಬರೀ ಪ್ರೇಮಕಥೆ ಎಂದರೆ ಹೇಗೆ? ಕೊನೆಯಲ್ಲಿ ಎರಡನೆಯ ಮಧುಚಂದ್ರಕ್ಕೆಂದು ಹೊರಟವರು ಆಲ್ಬನಿಯ ಮುಷ್ಕರ ವರದಿ ಮಾಡಲು ತಿರುಗುತ್ತಾರೆ. ಹಿಲ್ಡಿ ಪೆಟ್ಟಿಗೆ ಹೊತ್ತು ಹಿಂದೆ, ವಾಲ್ಟರ್ ಕೈಬೀಸಿಕೊಂಡು ಮುಂದೆ. ಅದನ್ನು ಕೈಯಲ್ಲಿ ಹಿಡಿಯಬಾರದೇ ಎಂದು ಬುದ್ಧಿವಾದ ಬೇರೆ.

ತಾವೂ ಸಂಪಾದಕರು, ಬೇಸರಿಸಬಾರದು. ವಾಲ್ಟರ್ ದೂರವಾಣಿಯಲ್ಲಿ ಮುಖಪುಟ ತೆರವು ಮಾಡಿಸುವ ಪರಿಯನ್ನು ಒಮ್ಮೆ ಕೇಳಿ: ಹಿಟ್ಲರನನ್ನು ನಗೆಚಿತ್ರಗಳ ಪುಟಕ್ಕೆ ದೂಡುತ್ತಾನೆ, ಹುಂಜದ ಸುದ್ದಿಯನ್ನು ಮಾತ್ರ ಮುಟ್ಟಬೇಡಿ ಎನ್ನುತ್ತಾನೆ, ಅದರಲ್ಲಿ ಮನುಷ್ಯರ ಆಸಕ್ತಿ ಇದೆಯಂತೆ. ಚಿತ್ರ ತೆರೆಗೆ ಬಂದದ್ದು 1940ರ ಜನವರಿಯಲ್ಲಿ, ಯುರೋಪಿನಲ್ಲಿ ಯುದ್ಧ ಹತ್ತಿಕೊಂಡ ಮೇಲೆ. ಹಿಲ್ಡಿ ವರದಿಯ ಎರಡನೆಯ ಪ್ಯಾರಾದಲ್ಲಿ ಪತ್ರಿಕೆಯ ಹೆಸರು ಹಾಕಿದ್ದಕ್ಕೂ ಅವನ ತಕರಾರು: ಎರಡನೆಯ ಪ್ಯಾರಾ ಯಾರು ಓದುತ್ತಾರೆ? ತಮ್ಮ ಲೇಖನದಲ್ಲಿ ಮಾಲಿ ಎರಡನೆಯದರಲ್ಲೂ ಇಲ್ಲ, ಕೊನೆಯದರಲ್ಲೂ ಇಲ್ಲ.

ಪತ್ರ ಉದ್ದವಾಯಿತು. ಸ್ಥಳದ ಅಭಾವವಿದ್ದರೆ ವಾಲ್ಟರನ ಮೇಲಿನ ಕಲಂಗಳನ್ನು ಕತ್ತರಿಸಿ, ಬ್ರೂಸನ ಪಾಲಿಸಿಯನ್ನೂ ಕತ್ತರಿಸಿ, ನಮ್ಮ ಮನೆಯವರಿಗೆ ನಾನು ಸಮಾಧಾನ ಹೇಳುತ್ತೇನೆ. ಮಾಲಿಯ ಪ್ಯಾರಾಗಳಿಗೆ ಕತ್ತರಿ ಹಾಕಬೇಡಿ.

ಇಂತಿ ತಮ್ಮ ಓದುಗಳು,
ನಿವೃತ್ತ ಶೀಘ್ರಲಿಪಿಗಾರ್ತಿ, ಧಾರವಾಡ